ನಲವತ್ತು ಅಡಿಗೆ ಒಂದಡಿ: ಕಾಕನಕೋಟೆಯ ‘ಎಲಿಫೆಂಟ್ ಬಾಯ್’

ಮೂರು ಲಕ್ಷ ಅಡಿ ಫಿಲ್ಮ್ ಶೂಟ್ ಮಾಡಿ, ಕೊನೆಗೆ ಎಂಬತ್ತು ನಿಮಿಷದ ಸಿನಿಮಾ ಕೈಗೆ ಬಂದರೆ ಆ ಪ್ರಾಜೆಕ್ಟ್ ಪಾಸೋ, ಫೇಲೋ? 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಕಥೆ ಇದು. ನಡೆದದ್ದು ನಮ್ಮ ಮೈಸೂರು ಸೀಮೆಯಲ್ಲೇ.

‘ನಾನೂಕ್ ಆಫ್ ದಿ ನಾರ್ತ್’ ಸಾಕ್ಷ್ಯಚಿತ್ರದಿಂದ ಹೆಸರು ಮಾಡಿದ್ದ ರಾಬರ್ಟ್ ಫ್ಲಾಹರ್ಟಿ 1935ರಲ್ಲಿ ಇಲ್ಲಿಗೆ ಬಂದರು. ನಿರ್ಮಾಪಕರು ಲಂಡನ್ನಿನ ಅಲೆಕ್ಸಾಂಡರ್ ಕೊರ್ಡಾ. ಕಥೆ ಕಿಪ್ಲಿಂಗ್‌ರದ್ದು: ಒಬ್ಬ ಮಾವುತರ ಹುಡುಗ, ಒಂದು ಆನೆ. ನಾಲ್ವಡಿ ಕೃಷ್ಣರಾಜ ಒಡೆಯರು ಆನೆಗಳನ್ನು ಕೊಟ್ಟರು, ಉಳಿದುಕೊಳ್ಳಲು ಚಿತ್ತರಂಜನ್ ಮಹಲನ್ನೂ ಕೊಟ್ಟರು. ವಿನೋಬಾ ರಸ್ತೆಯಲ್ಲಿ ಗ್ರೀನ್ ಹೋಟೆಲ್ ಇದೆಯಲ್ಲ, ಅದೇ ಕಟ್ಟಡ.

ತೊಂದರೆ ಶುರುವಾಗಿದ್ದು ಕೆಲಸದ ಕ್ರಮದಲ್ಲಿ. ಮೊದಲು ನೋಡು, ಕಾಯಿ, ಶೂಟ್ ಮಾಡು, ಕಥೆ ಆಮೇಲೆ ಹುಟ್ಟುತ್ತೆ ಅನ್ನೋದು ಫ್ಲಾಹರ್ಟಿ ಪದ್ಧತಿ. ಕೊರ್ಡಾಗೆ ಬೇಕಿದ್ದು ಕಥೆ, ಶೆಡ್ಯೂಲ್, ಬಿಡುಗಡೆಯ ದಿನ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ರಿಕ್ವೈರ್‌ಮೆಂಟ್ ಫ್ರೀಜ್ ಆಗದೆ ಕೆಲಸ ಶುರುವಾಗಿತ್ತು. ವರ್ಷ ದಾಟಿತು, ಖರ್ಚು ಏರಿತು. ಕೊನೆಗೆ ಕೊರ್ಡಾ ಚಿತ್ರ ಮುಗಿಸುವ ಹೊಣೆಯನ್ನು ತಮ್ಮ ಝೋಲ್ಟನ್‌ಗೆ ವಹಿಸಿದರು. ಮಾತಿನ ದೃಶ್ಯಗಳನ್ನು ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಸೆಟ್ ಹಾಕಿ ತೆಗೆದರು.

ಲೆಕ್ಕ ಹಾಕೋಣ. 35 ಎಂಎಂ ಫಿಲ್ಮಿನ ಒಂದಡಿಯಲ್ಲಿ 16 ಫ್ರೇಮ್. ಸೆಕೆಂಡಿಗೆ 24 ಫ್ರೇಮ್ ಅಂದರೆ ನಿಮಿಷಕ್ಕೆ 90 ಅಡಿ. ಮೂರು ಲಕ್ಷ ಅಡಿ ಅಂದರೆ ಸುಮಾರು 55 ಗಂಟೆ. ಎಂಬತ್ತು ನಿಮಿಷಕ್ಕೆ 7,200 ಅಡಿ ಸಾಕು. ನಲವತ್ತು ಅಡಿಗೆ ಒಂದಡಿ! ಅದರಲ್ಲೂ ಒಂದು ಪಾಲು ಡೆನ್‌ಹ್ಯಾಮ್‌ದು.

ಹಾಗಾದರೆ ಕಾದಿದ್ದೆಲ್ಲ ದಂಡವೇ? ಅಲ್ಲ. ಕಾದಿದ್ದಕ್ಕೆ ಎರಡು ಸಿಕ್ಕವು. ಒಂದು, ಕಾರಾಪುರದ ಹುಡುಗ ಸಾಬು. ಮಾವುತನ ಮಗ, ನಟನೆ ಗೊತ್ತೇ ಇರಲಿಲ್ಲ. ಆಮೇಲೆ ಇವನೇ ‘ದಿ ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’ ಚಿತ್ರಗಳ ತಾರೆಯಾದ. ಇನ್ನೊಂದು, ಕಾಕನಕೋಟೆಯ ಖೆಡ್ಡಾ. ನೂರಾರು ಜನ ಸದ್ದು ಮಾಡುತ್ತಾ, ಸಾಕಾನೆಗಳ ನೆರವಿನಿಂದ ಕಾಡಾನೆ ಹಿಂಡನ್ನು ಹೊಳೆ ದಾಟಿಸಿ ಮರದ ದೊಡ್ಡಿಯೊಳಗೆ ನುಗ್ಗಿಸುವ ಕೆಲಸ ಅದು. ಇದಕ್ಕೆ ರೀಟೇಕ್ ಇಲ್ಲ. ಸ್ಟುಡಿಯೋದಲ್ಲಿ ಸೆಟ್ ಹಾಕೋಕೂ ಆಗಲ್ಲ.

1937ರ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಬಂದದ್ದು ಫ್ಲಾಹರ್ಟಿ, ಝೋಲ್ಟನ್ ಇಬ್ಬರಿಗೂ. ಒಬ್ಬರಿಲ್ಲದಿದ್ದರೆ ಆನೆಗಳು ಇರುತ್ತಿರಲಿಲ್ಲ, ಇನ್ನೊಬ್ಬರಿಲ್ಲದಿದ್ದರೆ ಸಿನಿಮಾ ಮುಗಿಯುತ್ತಿರಲಿಲ್ಲ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆನೆಗಳಿಗೆ ಅದು ಹಿಂಸೆಯೇ ಆಗಿತ್ತು, ನಿಂತದ್ದು ಒಳ್ಳೆಯದೇ ಆಯಿತು. ಆ ಜಾಗ ಈಗ ಕಬಿನಿ ಜಲಾಶಯದ ನೀರಿನಡಿ ಇದೆ. ಅಲ್ಲಿ ಆನೆಗಳು ಹೊಳೆ ದಾಟಿದ್ದನ್ನು ನೋಡಬೇಕೆಂದರೆ ಶೆಡ್ಯೂಲ್ ಮೀರಿ ಕಾದವರು ತೆಗೆದ ಆ ಕೆಲವು ನಿಮಿಷಗಳು ಇವೆ.