ಅಪ್ಪನ ಹಾರ್ಡ್‌ಡಿಸ್ಕೂ ಕೋಠಿಯ ಹನ್ನೆರಡು ವೋಲ್ಟೂ

ಹೈದರಾಬಾದಿಗೆ ಬಂದು ಹದಿನಾಲ್ಕು ವರ್ಷವಾಯಿತು. ಹೆಂಡತಿಯ ಪ್ರಕಾರ ಈ ಊರಿನಲ್ಲಿ ನನಗೆ ಸರಿಯಾಗಿ ಗೊತ್ತಿರುವುದು ಎರಡೇ ಜಾಗ. ಒಂದು ಆಫೀಸು, ಇನ್ನೊಂದು ಕೋಠಿ. ಚಾರ್‌ಮಿನಾರ್ ನೋಡಲು ಬಂದ ನೆಂಟರನ್ನೂ ಕೋಠಿಯ ಮೇಲೇ ಕರೆದುಕೊಂಡು ಹೋಗುತ್ತೇನೆ. "ಐದೇ ನಿಮಿಷ, ಇಲ್ಲೇ ಇರಿ" ಎಂದು ಅವರನ್ನು ಚಹಾ ಅಂಗಡಿ ಮುಂದೆ ನಿಲ್ಲಿಸಿ ಗುಜರಾತಿ ಗಲ್ಲಿಗೆ ನುಗ್ಗಿದರೆ, ಮುಕ್ಕಾಲು ಗಂಟೆ ಬಿಟ್ಟು ಕೈಯಲ್ಲೊಂದು ಕೇಬಲ್ ಹಿಡಿದು ಹೊರಬರುವ ಗಿರಾಕಿ ನಾನು.

ಕೋಠಿ ಎಂದರೆ ಬಂಗಲೆ. ನಿಜಾಮರ ದರ್ಬಾರಿನಲ್ಲಿ ಇಂಗ್ಲಿಷರ ರೆಸಿಡೆಂಟ್ ಆಗಿದ್ದ ಜೇಮ್ಸ್ ಕಿರ್ಕ್‌ಪ್ಯಾಟ್ರಿಕ್ 1803ರಲ್ಲಿ ಕಟ್ಟಿಸಲು ಹಿಡಿದ ಬಂಗಲೆಯಿಂದ ಈ ಬಡಾವಣೆಗೆ ಹೆಸರು ಬಂತು. ಆ ಬಂಗಲೆ ಮುಂದೆ ಮಹಿಳಾ ಕಾಲೇಜಾಯಿತು. ಅದರ ಆಚೀಚೆ ಮೆಡಿಕಲ್ ಕಾಲೇಜು, ಸುಲ್ತಾನ್ ಬಜಾರಿನ ಸೀರೆ ಅಂಗಡಿಗಳು, ಹಳೆ ಪಠ್ಯಪುಸ್ತಕದ ಮಳಿಗೆಗಳು. ಇವುಗಳ ಸಂದಿಯಲ್ಲಿ ಗುಜರಾತಿ ಗಲ್ಲಿ. ಡಿಶ್, ಸಿಸಿ ಕ್ಯಾಮೆರಾದ ವೈರು, ಆಂಪ್ಲಿಫೈಯರ್ ಬೋರ್ಡು, ಸ್ಪೀಕರ್, ಕಂಪನಿಯೇ ಮರೆತುಬಿಟ್ಟ ಟಿವಿಯ ರಿಮೋಟು, ಹೀಗೆ ವಿದ್ಯುತ್ತು ಹರಿಯುವ ಯಾವ ವಸ್ತುವಿನ ಬಿಡಿಭಾಗವೂ ಅಲ್ಲಿ ಸಿಗುತ್ತದೆ. ರಾಯದುರ್ಗದಲ್ಲಿ ಮೆಟ್ರೊ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಿಸಿ, ಉಸ್ಮಾನಿಯಾ ಮೆಡಿಕಲ್ ಕಾಲೇಜು ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಹೋಗಬಹುದು.

ಅಲ್ಲಿಗೆ ನಾನು ಹೋಗುವುದು ಸಾಮಾನ್ಯವಾಗಿ ಶೋಕಿಗೆ. ಈ ಸಲ ಮಾತ್ರ ಬ್ಯಾಗಿನಲ್ಲಿ ಟವೆಲ್ ಸುತ್ತಿದ ಒಂದು ಹಳೆಯ ಹಾರ್ಡ್‌ಡಿಸ್ಕ್ ಇತ್ತು, ಎದೆಯಲ್ಲಿ ಅಳುಕಿತ್ತು.

ಮೇಷ್ಟ್ರ ಪದಗಳು

ನಮ್ಮದು ರಾಯಚೂರು ಜಿಲ್ಲೆ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಅವರು ಹುಟ್ಟಿದ್ದು 1947ರಲ್ಲಿ, ಅಂದರೆ ನಿಜಾಮರ ಪ್ರಜೆಯಾಗಿ. 1956ರ ನವೆಂಬರ್ 1ರಂದು ರಾಯಚೂರು ಕನ್ನಡ ನಾಡಿಗೆ ಸೇರುವವರೆಗೂ ನಮ್ಮ ಮಂದಿಗೆ ರಾಜಧಾನಿ ಅಂದರೆ ಹೈದರಾಬಾದೇ. ಆ ರೂಢಿ ಆಮೇಲೂ ಬಿಡಲಿಲ್ಲ. ದೊಡ್ಡ ಕಾಯಿಲೆಯಾದರೆ ಹೈದರಾಬಾದು, ಮದುವೆ ಬಟ್ಟೆಗೆ ಹೈದರಾಬಾದು. ಅಪ್ಪ ತಮ್ಮ ಕಾಲೇಜಿನ ಪುಸ್ತಕಗಳನ್ನು ಅರ್ಧ ಬೆಲೆಗೆ ಕೊಂಡಿದ್ದೂ ಕೋಠಿಯಲ್ಲೇ.

ಅಪ್ಪನಿಗೊಂದು ಹುಚ್ಚಿತ್ತು. ಒಕ್ಕಲುತನದ ಮಾತುಗಳನ್ನು ಕೂಡಿಡುವುದು. ಕೂರಿಗೆ, ಎಡೆಕುಂಟೆ, ಮೇಟಿ, ಹಂತಿ, ಕಣ ಎಂದು ಹೊಲದವರು ಆಡುವ ಪದಗಳನ್ನು ಕೇಳಿಸಿಕೊಂಡು, ಯಾರು ಹೇಳಿದರು, ಯಾವ ಊರು, ಯಾವ ಕೆಲಸದಲ್ಲಿ ಆಡಿದರು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಇಂಥ ಹದಿನೇಳು ನೋಟ್‌ಬುಕ್ಕುಗಳಿದ್ದವು.

ಅವರು ರಿಟೈರಾದ ಮರುವರ್ಷ, 2006ರಲ್ಲಿ, ನನ್ನ ಮೊದಲ ಬೋನಸ್ಸಿನಲ್ಲಿ ಒಂದು ಕಂಪ್ಯೂಟರ್ ಕೊಡಿಸಿದೆ. ನುಡಿ ಹಾಕಿಕೊಟ್ಟೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಜಾಡಿನಲ್ಲೇ ಇರುವ ಆ ವಿನ್ಯಾಸವನ್ನು ಅಪ್ಪ ಎರಡು ವಾರದಲ್ಲಿ ಕಲಿತರು. ಒಂದೊಂದು ಬೆರಳಿನಲ್ಲಿ ಟಕ್ ಟಕ್ ಎಂದು ಕುಟ್ಟುತ್ತ, ಅಕ್ಷರಕ್ಕೊಂದು ಫೈಲ್ ಮಾಡಿ, ವರ್ಷಗಟ್ಟಲೆ ಕೂತು ಹದಿನೇಳನ್ನೂ ಮುಗಿಸಿದರು.

ಆಗ ನಾನೊಂದು ಮಾತು ಹೇಳಿದೆ. "ಎಲ್ಲಾ ಕಂಪ್ಯೂಟರ್‌ನಾಗ ಬಂತಲ್ಲಪ್ಪಾ, ಇನ್ನ ಈ ನೋಟ್‌ಬುಕ್ ಯಾಕ?"

ಮನೆಗೆ ಸುಣ್ಣಬಣ್ಣ ಮಾಡಿಸಿದ ವರ್ಷ ಆ ನೋಟ್‌ಬುಕ್ಕುಗಳು ರದ್ದಿಗೆ ಹೋದವು. ಅಷ್ಟರಲ್ಲಿ ಅಪ್ಪನ ಕಣ್ಣು ಮಂಜಾಗಿ ಕಂಪ್ಯೂಟರಿನ ಮೇಲೆ ಹಳೆ ದುಪ್ಪಟಿ ಬಿದ್ದಿತ್ತು. ಈ ವರ್ಷ ಪೊರೆಯ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ನಾಲ್ಕನೇ ದಿನ ಫೋನು: "ತಮ್ಮಾ, ಕಣ್ಣು ಚಲೋ ಕಾಣಸ್ತಾವ. ಆದ್ರ ಆ ಡಬ್ಬಿ ಚಾಲೂ ಆಗವಲ್ದು. ಒಳಗಿಂದು ಸಿಗ್ತದೋ ಇಲ್ಲೋ?"

ದಿನಾ ಆಫೀಸಿನಲ್ಲಿ ಬೇರೆಯವರ ಬ್ಯಾಕಪ್ ನೋಡಿಕೊಳ್ಳುವುದೇ ನನ್ನ ಕೆಲಸ. ನಮ್ಮ ಕಂಪನಿಯ ಒಂದು ಪುಟ್ಟ ಫೈಲಿಗೂ ಎರಡು ಊರುಗಳಲ್ಲಿ ನಕಲು ಇರುತ್ತದೆ. ಅಪ್ಪನ ಮೂವತ್ತು ವರ್ಷದ ದುಡಿಮೆಗೆ ನಾನು ಒಂದು ಪೆನ್‌ಡ್ರೈವ್ ಕೂಡ ಖರ್ಚು ಮಾಡಿರಲಿಲ್ಲ.

"ಡಿಸ್ಕ್ ಕೆಟ್ಟಿಲ್ಲ, ಹಸಿದಿದೆ"

ಊರಿಗೆ ಹೋಗಿ ನೋಡಿದೆ. ಮದರ್‌ಬೋರ್ಡಿನ ಕೆಪಾಸಿಟರುಗಳು ಉಬ್ಬಿ ಬಾಯಿ ತೆರೆದಿದ್ದವು. ಡಿಸ್ಕ್ ಬಿಚ್ಚಿಕೊಂಡು ಬಂದೆ. ನಲವತ್ತು ಪಿನ್ನಿನ ಅಗಲ ಪಟ್ಟಿ ಕೇಬಲ್ ಹಾಕುವ ಐಡಿಇ ಕಾಲದ್ದು, 80 ಜಿಬಿ. ಅದನ್ನು ಯುಎಸ್‌ಬಿಗೆ ಜೋಡಿಸುವ ಕನ್ವರ್ಟರ್ ಆನ್‌ಲೈನಿನಲ್ಲಿ ತರಿಸಿ ಚುಚ್ಚಿದೆ. ಲ್ಯಾಪ್‌ಟಾಪ್‌ಗೆ ಏನೂ ಕಾಣಲಿಲ್ಲ. ಬೇರೆ ಲ್ಯಾಪ್‌ಟಾಪ್, ಲಿನಕ್ಸ್, ಎಲ್ಲ ಆಯಿತು. ಡಿಸ್ಕ್ ಸತ್ತಿದೆ ಎಂದು ನಾನೇ ತೀರ್ಪು ಕೊಟ್ಟೆ. ಡೇಟಾ ತೆಗೆದುಕೊಡುವ ಒಂದು ಕಂಪನಿಗೆ ಫೋನಿಸಿದರೆ ಹದಿನೆಂಟು ಸಾವಿರದಿಂದ ಶುರು, ಸಿಗುತ್ತದೆಂಬ ಖಾತರಿ ಇಲ್ಲ ಅಂದರು.

ದುಡ್ಡು ಕೊಡಲು ತಯಾರಾಗಿದ್ದೆ. ಅದಕ್ಕೂ ಮುಂಚೆ ಒಂದು ಸಲ ಕೋಠಿ ನೋಡೋಣವೆಂದು ಶನಿವಾರ ಹೊರಟೆ.

ಗಲ್ಲಿಯ ನಡುವೆ ಒಂದಾಳು ಕೂರುವಷ್ಟೇ ಅಗಲದ ಅಂಗಡಿ. ಅರವತ್ತು ದಾಟಿದ ಸಾಹೇಬರು. ನಾನು ಸೆಕ್ಟರ್, ಫರ್ಮ್‌ವೇರ್ ಎಂದು ನನ್ನ ಪಾಂಡಿತ್ಯ ಬಿಚ್ಚಿದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಕನ್ವರ್ಟರ್ ಜೋಡಿಸಿ, ಡಿಸ್ಕನ್ನು ಮಗುವಿನಂತೆ ಕಿವಿಗಿಟ್ಟುಕೊಂಡರು. "ಘೂಮ್ ನಹೀ ರಾ" ಅಂದರು. ತಿರುಗುತ್ತಿಲ್ಲ. ನನ್ನ ಅಡಾಪ್ಟರಿನ ತುದಿಗೆ ಮೀಟರ್ ಹಿಡಿದರು. ಹನ್ನೆರಡು ಬರಬೇಕಾದ ಕಡೆ ಮೂರು ಚಿಲ್ಲರೆ ವೋಲ್ಟ್ ತೋರಿಸಿತು.

ಯುಎಸ್‌ಬಿ ತಂತಿಯಲ್ಲಿ ಬರುವುದು ಐದು ವೋಲ್ಟ್. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿನ ಮೋಟಾರಿಗೆ ಹನ್ನೆರಡು ಬೇಕು, ಅದಕ್ಕೇ ಬೇರೆ ಅಡಾಪ್ಟರ್ ಕೊಟ್ಟಿರುತ್ತಾರೆ. ಅದೇ ಹೋಗಿತ್ತು. "ಡಿಸ್ಕ್ ಖರಾಬ್ ನಹೀಂ ಸಾಬ್, ಭೂಖಾ ಹೈ" ಎಂದು ನಕ್ಕು, ಡಬ್ಬಿ ತಡಕಿ ಹಳೆಯದೊಂದು ಅಡಾಪ್ಟರ್ ತೆಗೆದು ಹಾಕಿದರು. ಒಳಗಿನಿಂದ ಗುಂಯ್ ಎಂದು ಏರುವ ಆ ಸದ್ದು ಬಂತು ನೋಡಿ, ನನಗೆ ಗಂಟಲು ಕಟ್ಟಿತು. ಮುನ್ನೂರೈವತ್ತು ರೂಪಾಯಿ. ಮೆಡಿಕಲ್ ಕಾಲೇಜಿನ ನೆರಳಿನಲ್ಲಿ ಕೂತ ಆ ಸಾಹೇಬರು ಮೊದಲು ನಾಡಿ ಹಿಡಿದರು. ನಾನು ನೇರವಾಗಿ ಮರಣಪತ್ರ ಬರೆದಿದ್ದೆ.

ಅಲ್ಲಿಂದ ನನ್ನದೊಂದು ಅಭಿಪ್ರಾಯ ಗಟ್ಟಿಯಾಗಿದೆ. ರಿಪೇರಿ ಎಂದರೆ ಕಾರಣ ಹುಡುಕುವ ವಿದ್ಯೆ. ಬಿಚ್ಚಿದರೆ ಮಾತ್ರ ಆ ವಿದ್ಯೆ ಉಳಿಯುತ್ತದೆ. ಇವತ್ತಿನ ಫೋನುಗಳಲ್ಲಿ ಸ್ಕ್ರೂಗಿಂತ ಅಂಟೇ ಜಾಸ್ತಿ, ಬ್ಯಾಟರಿ ಬದಲಿಸಲು ಹೋದರೆ ಗಾಜು ಒಡೆಯುತ್ತದೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ, ಒಳ್ಳೆಯದೇ. ಆದರೆ ಹಕ್ಕು ಇದ್ದರೂ ರಿಪೇರಿ ಮಾಡುವ ಕೈ ಇರಬೇಕಲ್ಲ? ಆ ಸಾಹೇಬರ ಮಗ ಈಗ ಮೊಬೈಲ್ ಕವರ್ ಮಾರುತ್ತಾನಂತೆ.

ತೆರೆದರೆ ಪೌಂಡ್ ಚಿಹ್ನೆ

ಮನೆಗೆ ಬಂದು ಮೊದಲು ಮೂರು ನಕಲು ಮಾಡಿದೆ. ಆಮೇಲೆ ಫೈಲ್ ತೆರೆದೆ. ಕನ್ನಡವೇ ಇಲ್ಲ! 'ಕನ್ನಡ' ಎಂದು ಇರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀರು ಎಳೆದ ಎ, ಪೌಂಡ್ ಹಣದ ಚಿಹ್ನೆ, ಒಂದು ಜರ್ಮನ್ ಅಕ್ಷರ.

ಹಳಬರಿಗೆ ಇದು ಗೊತ್ತು. ಅಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರ ಕೂರಿಸುತ್ತಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡು. ಅದು ಯಾರ ತಪ್ಪೂ ಅಲ್ಲ, ಆ ಕಾಲದ ದಾರಿ ಅಷ್ಟೇ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವೆರಡು ಇರದಿದ್ದರೆ ನಮ್ಮ ಅಪ್ಪನಂಥವರು ಕಂಪ್ಯೂಟರನ್ನು ಮುಟ್ಟುತ್ತಲೇ ಇರಲಿಲ್ಲ. ತಪ್ಪು ನನ್ನದು. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡ ಇತ್ತು. ಅಪ್ಪನ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಎಂಬ ಯೂನಿಕೋಡ್ ಫಾಂಟ್ ಕೂತಿತ್ತು. ಸಾಫ್ಟ್‌ವೇರ್ ಎಂಜಿನಿಯರ್ ಎಂದು ಬೀಗುತ್ತಿದ್ದ ನಾನು ಅದನ್ನು ತಿಳಿದುಕೊಳ್ಳಲಿಲ್ಲ.

ಯೂನಿಕೋಡ್ ವಿಷಯ ಬಂದಾಗ ಆಫೀಸಿನ ತೆಲುಗು ಗೆಳೆಯನಿಗೆ ನಾನು ತೋರಿಸುವ ಒಂದು ತಮಾಷೆ ಇದೆ. ಅದರಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ತೆಲುಗಿಗೆ 128 ಮನೆ, ಅದು ಮುಗಿದ ಗೋಡೆಗೇ ಕನ್ನಡದ 128 ಮನೆ. ತೆಲುಗಿನ 'ಕ' ಅಕ್ಷರದ ಸಂಖ್ಯೆ 3093, ನಮ್ಮ 'ಕ' 3221. ಕಳೆದು ನೋಡಿ, ಸರಿಯಾಗಿ 128. ಬಹುತೇಕ ಯಾವ ತೆಲುಗು ಅಕ್ಷರಕ್ಕೆ 128 ಕೂಡಿಸಿದರೂ ಅದೇ ಉಚ್ಚಾರದ ಕನ್ನಡ ಅಕ್ಷರ ಬರುತ್ತದೆ. ರಾಯಚೂರಿನ ಗಡಿಯಲ್ಲಿ ಬೆಳೆದ ಅಪ್ಪ ಕೋಠಿಯ ತೆಲುಗು ಬೋರ್ಡುಗಳನ್ನು ಸಲೀಸಾಗಿ ಓದುವುದು ಯಾವ ಲೆಕ್ಕವೂ ಇಲ್ಲದೆ.

ಹಳೆ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಹಾಕಿದೆ. ಬಹುಪಾಲು ಸರಿಬಂತು. ಆದರೆ ಅರ್ಕಾವತ್ತು ಕೆಲವೆಡೆ ಹಿಂದುಮುಂದಾಯಿತು. ಅಪ್ಪ ಅಲ್ಲಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದ ಗಿಡಗಳ ಶಾಸ್ತ್ರೀಯ ಹೆಸರನ್ನೂ ಯಂತ್ರ ಕನ್ನಡವೆಂದೇ ನಂಬಿ, ಯಾವ ಭಾಷೆಯೂ ಅಲ್ಲದ ಮಾತಾಗಿ ಬದಲಿಸಿತು. ತಿದ್ದಲು ಮನುಷ್ಯರೇ ಬೇಕು.

ಹೀಗೆ ಶುರುವಾಯಿತು ನಮ್ಮ ರಾತ್ರಿ ಎಂಟೂವರೆಯ ಫೋನು. ನಾನು ಓದುವುದು, ಅಪ್ಪ ತಿದ್ದುವುದು. ಹದಿನಾಲ್ಕು ವರ್ಷ ನಮ್ಮ ಮಾತು "ಊಟ ಆತೇನ್?", "ಆತು", "ಅವ್ವಗ ಕೊಡ್ಲಿ?" ಇಷ್ಟಕ್ಕೇ ಮುಗಿಯುತ್ತಿತ್ತು. ಈಗ ಒಂದು ಪದಕ್ಕೆ ಹತ್ತು ನಿಮಿಷ. ಆ ಪದ ಹೇಳಿದವರು ಯಾರು, ಅವರ ಎತ್ತುಗಳೆಂಥವು, ಯಾವ ಬರಗಾಲದಲ್ಲಿ ಅವರು ಹೊಲ ಮಾರಿದರು. ಊರಲ್ಲೇ ಹದಿನೆಂಟು ವರ್ಷ ಬೆಳೆದ ನನಗೆ ಇದರಲ್ಲಿ ಅರ್ಧವೂ ಗೊತ್ತಿರಲಿಲ್ಲ.

'ಹ' ಅಕ್ಷರದ ಕತೆ

ಎಲ್ಲ ಸಿಕ್ಕಿತು ಎಂದು ಬರೆಯಲು ನನಗೂ ಆಸೆ. ಆದರೆ 'ಹ' ಅಕ್ಷರದ ಫೈಲ್ ತೆರೆಯಲಿಲ್ಲ. ಡಿಸ್ಕಿನ ಆ ಜಾಗ ನಿಜವಾಗಿಯೇ ಕೆಟ್ಟಿತ್ತು. ವಾರಗಟ್ಟಲೆ ನನಗೆ ಗೊತ್ತಿದ್ದ ಉಪಾಯವೆಲ್ಲ ಮಾಡಿದೆ. ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ಕಡೆಗೆ ಹೇಳಿದೆ. ನೋಟ್‌ಬುಕ್ಕಿನ ಮಾತೂ ಎತ್ತಿ, "ನಂದೇ ತಪ್ಪಪ್ಪಾ" ಅಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಗೇವು ನೋಡಿಯೇನು ನೀನು?"

ಹಗೇವು ಎಂದರೆ ಜೋಳ ತುಂಬಿಡುವ ನೆಲದ ಕೆಳಗಿನ ಕಣಜ. ಮಳೆ ಕೈಕೊಟ್ಟ ವರ್ಷಕ್ಕೆಂದು ಕಾಳು ತುಂಬಿ ಬಾಯಿ ಮುಚ್ಚುತ್ತಿದ್ದರು. ಅದನ್ನು ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವ ಹೋದದ್ದುಂಟು. "ತೆಗದಾಗ ಅಂಚಿನ ಜ್ವಾಳ ಕೆಟ್ಟೇ ಇರ್ತದ, ನಡಬರಕಿಂದು ಚಲೋ ಇರ್ತದ. ಕೆಟ್ಟಿದ್ದು ನೋಡಿಕೋತ ಯಾರೂ ಉಪವಾಸ ಕುಂತಿಲ್ಲ. ಹ ಅಂದ್ರ ನನಗ ನೆನಪೈತಿ, ಬರಕೋ" ಅಂದರು.

ಹೊಸ ಫೋನಿನಲ್ಲಿ ಮಾತಾಡಿದರೆ ಕನ್ನಡ ತಾನೇ ಮೂಡುತ್ತದಲ್ಲ, ಅದಕ್ಕೇ ಹೇಳಿಸೋಣವೆಂದುಕೊಂಡೆ. ಅಪ್ಪ "ಹಗೇವು" ಅಂದರೆ ಅದು "ಹಾಗೆ ಇವು" ಎಂದು ಬರೆಯಿತು. ನಗು ಬಂತು, ಆಮೇಲೆ ಯೋಚನೆಯೂ ಬಂತು. ಈ ಯಂತ್ರಗಳು ಕಲಿಯುವುದು ಅದಾಗಲೇ ಬರಹಕ್ಕಿಳಿದು ಅಂತರ್ಜಾಲ ಸೇರಿದ ಮಾತುಗಳಿಂದ. ಅಲ್ಲಿಲ್ಲದ ಪದ ಅವಕ್ಕೆ ಹುಟ್ಟೇ ಇಲ್ಲ. ಕನ್ನಡಕ್ಕೆ ತಂತ್ರಜ್ಞಾನ ಬಂದಿಲ್ಲ ಎಂದು ಗೊಣಗುವ ನಾವು, ನಮ್ಮೂರಿನ ಮಾತನ್ನು ಅಲ್ಲಿಗೆ ಮುಟ್ಟಿಸಿದ್ದೇವೆಯೇ? ಅಪ್ಪ ಒಪ್ಪಿದ್ದಾರೆ. ತಿದ್ದಿ ಮುಗಿದ ಭಾಗವನ್ನು ಕನ್ನಡ ವಿಕ್ಷನರಿಗೆ ಸೇರಿಸುತ್ತ ಹೋಗುವುದು, ಒಂದು ಅಚ್ಚು ಪ್ರತಿಯನ್ನು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಕೊಡುವುದು ಎಂದು ನಿರ್ಧಾರವಾಗಿದೆ.

'ಹ' ಅಕ್ಷರದ್ದು ಈವರೆಗೆ ಅರವತ್ತೆರಡು ಪದ ಅಪ್ಪನ ನೆನಪಿನಿಂದ ಬಂದಿವೆ. ಮೊದಲು ನೂರರ ಮೇಲಿದ್ದವು ಅನ್ನುತ್ತಾರೆ. ಉಳಿದವು ಹೋದವು ಅಂತಲೇ ಲೆಕ್ಕ.

ಈ ಅಂಕಣ ಓದುವ ನೀವು ಪುಣೆಯಲ್ಲೋ, ದುಬೈನಲ್ಲೋ, ಡಲ್ಲಾಸ್‌ನಲ್ಲೋ ಇರಬಹುದು. ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಅಮ್ಮನಿಗೆ ಹೊಸ ಗ್ಯಾಜೆಟ್ ಒಯ್ಯುವ ಮುಂಚೆ ಹಳೆಯದರೊಳಗೆ ಏನಿದೆ ಎಂದು ಒಮ್ಮೆ ನೋಡಿ. ಮೂರು ನಕಲು ಮಾಡಿ, ಒಂದನ್ನು ಬೇರೆ ಊರಿನಲ್ಲಿಡಿ. ನುಡಿ, ಬರಹದ ಹಳೆ ಫೈಲಿದ್ದರೆ ಯೂನಿಕೋಡಿಗೆ ಬದಲಿಸಿ. ನೋಟ್‌ಬುಕ್ಕನ್ನು ಮಾತ್ರ ರದ್ದಿಗೆ ಹಾಕಬೇಡಿ.

ಎಂಟೂವರೆ ಆಗುತ್ತ ಬಂತು, ಫೋನ್ ಬರುವ ಹೊತ್ತು. ಇವತ್ತು 'ಹರಗು' ಎಂಬ ಪದದಿಂದ ಶುರು.