ಓಟದ ಹಾದಿಯಲ್ಲಿ ಎಣ್ಣೆಯ ಕಾವು

ಎತ್ತಿನ ಗಾಡಿ ಹೂಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಸವರುವುದನ್ನು ಹಳ್ಳಿಯ ಸಂಬಂಧವಿರುವವರೆಲ್ಲರೂ ಕಂಡಿರುತ್ತಾರೆ. ಕೀಲೆಣ್ಣೆ ಕಾಣದ ಗಾಡಿ ಅರ್ಧ ಹರದಾರಿ ದೂರದಿಂದಲೇ ಕಿರ್ರೆಂದು ತನ್ನ ಯಜಮಾನನ ಸೋಮಾರಿತನವನ್ನು ಊರಿಗೆಲ್ಲ ಸಾರುತ್ತದೆ. ಮೋಟಾರು ಕಾರಿನ ಎಂಜಿನ್ನಿಗೆ ಈ ಸೌಜನ್ಯವಿಲ್ಲ. ತನ್ನ ಎಣ್ಣೆಗೆ ಕೇಡು ಬಂದಿದೆಯೆಂದು ಅದು ಮೊದಲೇ ಕೂಗಿ ಹೇಳುವುದಿಲ್ಲ. ಕೂಗುವ ಹೊತ್ತಿಗೆ ಕೆಲಸ ಕೆಟ್ಟೇ ಹೋಗಿರುತ್ತದೆ.

ಕನ್ನಡ ಪಂಡಿತನಿಗೇಕೆ ಎಂಜಿನ್ನಿನ ಗೊಡವೆ ಎಂದು ವಾಚಕರು ಕೇಳಬಹುದು. ಕಾರಣ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ವ್ಯಾಕರಣದಲ್ಲಿ ಅಷ್ಟಕ್ಕಷ್ಟೇ ಆಗಿದ್ದ ಆತ ಈಗ ಅಂಗಡಿಯಿಟ್ಟು ನೆಮ್ಮದಿಯಾಗಿದ್ದಾನೆ. ವರ್ಷಕ್ಕೆ ಎರಡು ಮೂರು ಸಲ ತನ್ನ ದಿನಬಳಕೆಯ ಕಾರನ್ನೇ ಬೆಂಗಳೂರು-ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈಗೆ ಒಯ್ದು ಅಲ್ಲಿನ ಓಟದ ಹಾದಿಯಲ್ಲಿ ಓಡಿಸಿ ಬರುತ್ತಾನೆ. ಹಿಂದೆ ಮದರಾಸಿನ ಮೋಟಾರು ಪಂದ್ಯಗಳು ಎರಡನೆಯ ಮಹಾಯುದ್ಧದ ಕಾಲದ ಶೋಲಾವರಂ ವಿಮಾನದಾಣದಲ್ಲಿ ನಡೆಯುತ್ತಿದ್ದುವು. ಈಗಿನ ಹಾದಿ ಪಂದ್ಯಕ್ಕಾಗಿಯೇ ಕಟ್ಟಿದ್ದು. ಅದರ ಒಂದು ಸುತ್ತು 3.717 ಕಿಲೋಮೀಟರು, ತಿರುವುಗಳು 12. ಗಂಟೆಗೆ 100 ಕಿಲೋಮೀಟರಿನ ಸರಾಸರಿಯಲ್ಲಿ ಸುತ್ತಿದರೆ 2 ನಿಮಿಷ 14 ಸೆಕೆಂಡು ಹಿಡಿಯುತ್ತದೆ. ಒಮ್ಮೆ ನನ್ನನ್ನೂ ಕರೆದೊಯ್ದು ನೆರಳಿನಲ್ಲಿ ಕೂರಿಸಿದ್ದ. ಆ ದಿನವೇ ಅವನ ಎಂಜಿನ್ನು ಹೋಯಿತು.

ಹೋದದ್ದು ಹೇಗೆಂದರೆ, ಹತ್ತನೆಯ ಸುತ್ತಿನವರೆಗೂ ಎಲ್ಲವೂ ಚೆನ್ನಾಗಿತ್ತು. ಮುಂದಿನ ಹಲಗೆಯಲ್ಲಿದ್ದ ಉಷ್ಣಮಾಪಕದ ಮುಳ್ಳು ನಟ್ಟನಡುವೆ, ಕದಲದೆ ನಿಂತಿತ್ತು. ಆಮೇಲೆ ಒಂದು ದೀರ್ಘವಾದ ತಿರುವಿನಲ್ಲಿ ಎಣ್ಣೆಯ ಕೆಂಪುದೀಪ ಮಿಣುಕಿ ಆರಿತು. ಅದನ್ನು ಆತ ಲೆಕ್ಕಿಸಲಿಲ್ಲ. ಎರಡು ಸುತ್ತುಗಳ ನಂತರ ಎಂಜಿನ್ನಿನ ಒಡಲಿನಿಂದ ಕಮ್ಮಾರನ ಕುಟುಕಿನಂತಹ ಸದ್ದು. ಬಿಚ್ಚಿ ನೋಡಿದಾಗ ಬೇರಿಂಗುಗಳ ಬೆಳ್ಳಗಿರಬೇಕಾದ ಮೈ ಸವೆದುಹೋಗಿ ತಾಮ್ರದ ಬಣ್ಣ ಮೇಲೆದ್ದಿತ್ತು. ದುರಸ್ತಿಯ ವೆಚ್ಚ ನನ್ನ ನಾಲ್ಕು ತಿಂಗಳ ಸಂಬಳಕ್ಕೆ ಮಿಗಿಲಾಯಿತು. “ಮುಳ್ಳು ನಡುವೆಯೇ ಇತ್ತಲ್ಲ, ಮೇಷ್ಟ್ರೇ!” ಎಂಬುದೊಂದೇ ಅವನ ಮಾತು.

ಮುಳ್ಳು ಸುಳ್ಳು ಹೇಳಿರಲಿಲ್ಲ. ಅದು ಹೇಳುತ್ತಿದ್ದುದು ನೀರಿನ ಕಾವನ್ನು. ಕೆಟ್ಟದ್ದು ಎಣ್ಣೆಯ ಕಾವು. ಇವೆರಡೂ ಒಂದೇ ಎಂಬ ಭ್ರಮೆಯೇ ಅನೇಕ ಎಂಜಿನ್ನುಗಳನ್ನು ಕೊಂದಿರುವುದು.

ಎಂಜಿನ್ನಿನ ನೀರಿಗೆ ಕಾವಲುಗಾರರು ಬಹಳ. ಸುಮಾರು 90 ಡಿಗ್ರಿಗೆ ತೆರೆದುಕೊಳ್ಳುವ ಥರ್ಮೋಸ್ಟಾಟು, ಗಾಳಿಗೆ ಮೈಯೊಡ್ಡಿದ ರೇಡಿಯೇಟರು, ಅದರ ಹಿಂದೊಂದು ಬೀಸಣಿಗೆ. ಸಾಲದೆಂಬಂತೆ ಇಂದಿನ ಅನೇಕ ಕಾರುಗಳಲ್ಲಿ ಮಾಲೀಕನು ಗಾಬರಿಪಡಬಾರದೆಂದು, ನೀರಿನ ಕಾವು ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಮುಳ್ಳು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಎಣ್ಣೆಗೆ ಇಷ್ಟು ರಾಜೋಪಚಾರವಿಲ್ಲ. ಪಿಸ್ಟನ್ನಿನ ತಳಕ್ಕೆ ಚಿಮ್ಮಿ ಅದರ ಬೆಂಕಿಯನ್ನು ತಣಿಸುವುದು ಎಣ್ಣೆ. ಬೇರಿಂಗಿನ ಸಂದಿಯಲ್ಲಿ ನುಗ್ಗಿ ಅರೆಯಲ್ಪಡುವುದೂ ಎಣ್ಣೆ. ಕಾದ ಎಣ್ಣೆ ಕೆಳಗಿನ ತೊಟ್ಟಿಗೆ ಬಿದ್ದು, ಅಲ್ಲಿ ತಾಗುವ ಗಾಳಿಯಿಂದ ಎಷ್ಟು ತಣಿಯಿತೋ ಅಷ್ಟೇ ಭಾಗ್ಯವೆಂದು ಮತ್ತೆ ಮೇಲಕ್ಕೆ ಹೊರಡಬೇಕು.

ಸಾಮಾನ್ಯ ರಸ್ತೆಯಲ್ಲಿ ಇಷ್ಟೇ ಸಾಕು. ಗಂಟೆಗೆ 80 ಕಿಲೋಮೀಟರಿನಂತೆ ಸಮದಾರಿಯಲ್ಲಿ ಹೋಗುವ ಚಿಕ್ಕ ಕಾರಿಗೆ ಬೇಕಾಗುವುದು ಸುಮಾರು 15 ಅಶ್ವಶಕ್ತಿ. ಅದೇ ಕಾರಿನಲ್ಲಿ 100 ಅಶ್ವಶಕ್ತಿಯ ಎಂಜಿನ್ನಿದ್ದರೆ, ಓಟದ ಹಾದಿಯ ನೇರಭಾಗದಲ್ಲಿ ಅಷ್ಟನ್ನೂ ಹಿಂಡಿ ತೆಗೆಯುತ್ತೇವೆ. ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ದಕ್ಕುವುದು ಸ್ಥೂಲವಾಗಿ ಮೂರನೆಯ ಒಂದು ಪಾಲು. ಮಿಕ್ಕದ್ದೆಲ್ಲ ಕಾವಾಗಿ ಹೊಗೆಯಲ್ಲೋ ನೀರಿನಲ್ಲೋ ಎಣ್ಣೆಯಲ್ಲೋ ಸೇರಬೇಕು. ಜೊತೆಗೆ ಎಂಜಿನ್ನಿನ ಸುತ್ತುಗಳು ಇಮ್ಮಡಿಯಾದರೆ ಎಣ್ಣೆಯ ಪದರ ಅರೆಯಲ್ಪಟ್ಟು ಹುಟ್ಟುವ ಕಾವು, ಎಣ್ಣೆ ಅಷ್ಟೇ ಮಂದವಾಗಿ ಉಳಿದರೆ, ನಾಲ್ಮಡಿಯಾಗುತ್ತದೆ.

ಆದರೆ ಮಂದವಾಗಿ ಉಳಿಯುವುದಿಲ್ಲವೆಂಬುದೇ ಕಷ್ಟದ ಮೂಲ. ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. 1883ರ ಸುಮಾರಿನಲ್ಲಿ ಇಂಗ್ಲೆಂಡಿನ ಬೋಚಾಂಪ್ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗುಗಳ ಮೇಲೆ ಪ್ರಯೋಗ ನಡೆಸುತ್ತಿದ್ದ. ತಿರುಗುವ ಅಚ್ಚಿನ ತಳ ಎಣ್ಣೆಯಲ್ಲಿ ಅದ್ದಿತ್ತು. ಮೇಲೆ ಹಿತ್ತಾಳೆಯ ಬೇರಿಂಗು ಭಾರ ಹೊತ್ತು ಕುಳಿತಿತ್ತು. ಎಣ್ಣೆ ಹುಯ್ಯಲೆಂದು ಬೇರಿಂಗಿನ ನೆತ್ತಿಗೆ ತೂತು ಕೊರೆದರೆ, ಒಳಗಿನಿಂದಲೇ ಎಣ್ಣೆ ಉಕ್ಕಿ ಬಂತು. ಬಿರಡೆ ಹಾಕಿದ, ಬಿರಡೆ ಹಾರಿತು. ಮರದ ಗೂಟ ಜಡಿದ, ಅದೂ ಮೇಲೆದ್ದಿತು. ಒತ್ತಡಮಾಪಕ ಕೂಡಿಸಿ ನೋಡಿದಾಗ, ಚದರ ಅಂಗುಲಕ್ಕೆ ಸರಾಸರಿ 100 ಪೌಂಡು ಭಾರವಿದ್ದ ಆ ಜಾಗದಲ್ಲಿ ಮಾಪಕದ ಕೊನೆಯ ಗುರುತಾದ 200ನ್ನೂ ಮೀರಿ ಮುಳ್ಳು ಓಡಿತು. ಅಂದರೆ, ಅಚ್ಚು ಬೇರಿಂಗನ್ನು ಮುಟ್ಟಿಯೇ ಇರಲಿಲ್ಲ! ತಿರುಗುವ ಅಚ್ಚೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು, ಆ ಎಣ್ಣೆಯ ಪದರದ ಮೇಲೆ ಇಡೀ ಭಾರ ತೇಲುತ್ತಿತ್ತು. ಮೂರು ವರ್ಷದ ಮೇಲೆ, 1886ರಲ್ಲಿ, ಮ್ಯಾಂಚೆಸ್ಟರಿನ ಪ್ರೊಫೆಸರ್ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ಭಾಷ್ಯ ಬರೆದ. ಕಾವು ಏರಿದಂತೆ ಆಲಿವ್ ಎಣ್ಣೆ ಎಷ್ಟೆಷ್ಟು ತೆಳುವಾಗುತ್ತದೆಂಬುದನ್ನೂ ಆತ ಅಳೆದಿಟ್ಟ. ಪದರದ ಬಲವೆಲ್ಲ ಎಣ್ಣೆಯ ಮಂದತನದಲ್ಲಿ, ಎಂದರೆ ಸ್ನಿಗ್ಧತೆಯಲ್ಲಿ ಇದೆಯೆಂದು ಆತನಿಗೆ ತಿಳಿದಿತ್ತು. ಸಂಸ್ಕೃತದಲ್ಲಿ ‘ಸ್ನೇಹ’ ಎಂಬ ಒಂದೇ ಶಬ್ದಕ್ಕೆ ಎಣ್ಣೆಯೆಂದೂ ಪ್ರೀತಿಯೆಂದೂ ಅರ್ಥ. ಎರಡು ಗಟ್ಟಿ ವಸ್ತುಗಳ ನಡುವೆ ನಿಂತು ಘರ್ಷಣೆಯನ್ನು ತಪ್ಪಿಸುವುದು ಎರಡಕ್ಕೂ ಸಮಾನ ಧರ್ಮವೆಂದು ತರಗತಿಯಲ್ಲಿ ನಾನು ಹೇಳುವುದುಂಟು.

ನಮ್ಮ ಕಾರಿನ ಎಂಜಿನ್ನಿನಲ್ಲಿ ಆ ಪದರ ಅತಿ ತೆಳುವಾಗುವ ಕಡೆ ಒಂದೆರಡು ಮೈಕ್ರಾನು ಮಾತ್ರ. ತಲೆಗೂದಲಿನ ಎಳೆ ಸುಮಾರು 70 ಮೈಕ್ರಾನು ದಪ್ಪವೆಂದರೆ ಹೋಲಿಸಿಕೊಳ್ಳಬಹುದು. ಸಾಧಾರಣವಾದ 10ಡಬ್ಲ್ಯು-40 ಎಣ್ಣೆ 40 ಡಿಗ್ರಿಯಲ್ಲಿ ಇರುವಷ್ಟು ಮಂದತನ 100 ಡಿಗ್ರಿಗೆ ಬರುವಾಗ ಸುಮಾರು ಏಳನೆಯ ಒಂದು ಪಾಲಿಗೆ ಇಳಿಯುತ್ತದೆ. 130ಕ್ಕೆ ಏರಿದರೆ ಅದರಲ್ಲೂ ಹೆಚ್ಚುಕಡಿಮೆ ಅರ್ಧ. ಆರಿದ ಪಾಕಕ್ಕೂ ಬಿಸಿ ಪಾಕಕ್ಕೂ ಇರುವ ಭೇದವನ್ನು ಬಲ್ಲ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾಪಕ ಅಳೆಯುವುದು ಹೆಚ್ಚಾಗಿ ತೊಟ್ಟಿಯ ಎಣ್ಣೆಯನ್ನು. ಬೇರಿಂಗಿನ ಸಂದಿಯಲ್ಲಿ ಅರೆಯಲ್ಪಡುತ್ತಿರುವ ಎಣ್ಣೆ ಅದಕ್ಕಿಂತ ಇನ್ನೂ ಬಿಸಿ. ಆದಕಾರಣವೇ ಪ್ರಯೋಗಶಾಲೆಗಳಲ್ಲಿ ಎಣ್ಣೆಯನ್ನು 150 ಡಿಗ್ರಿಗೆ ಕಾಯಿಸಿ, ತೀವ್ರವಾಗಿ ಅರೆದು, ಆಗ ಉಳಿಯುವ ಮಂದತನವನ್ನು ಪರೀಕ್ಷಿಸುವುದು.

ಹಾಗಾದರೆ ಎಷ್ಟು ಕಾವು ಸರಿ? ರಸ್ತೆಯಲ್ಲಿ 90ರಿಂದ 110 ಡಿಗ್ರಿ. ಓಟದ ಹಾದಿಯಲ್ಲಿ 120ರ ಆಸುಪಾಸು ಹೋದರೆ ಚಿಂತೆಯಿಲ್ಲ. 130 ದಾಟಿದರೆ ಕಾಲು ಸಡಿಲಿಸುವುದು ಜಾಣತನ. ಕೃತಕ ವಿಧಾನದಿಂದ ತಯಾರಾದ ಒಳ್ಳೆಯ ಎಣ್ಣೆ ಇದಕ್ಕಿಂತ ಹೆಚ್ಚನ್ನು ಸ್ವಲ್ಪ ಹೊತ್ತು ತಾಳುತ್ತದೆ, ನಿಜ. ಆದರೆ 10 ಡಿಗ್ರಿ ಏರಿದಂತೆಲ್ಲ ಎಣ್ಣೆ ಆಮ್ಲಜನಕದೊಡನೆ ಕೂಡಿ ಹಳಸುವ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ರಸಾಯನಜ್ಞರ ಸ್ಥೂಲ ಲೆಕ್ಕ. ಹೀಗೆ 100ರಿಂದ 130ಕ್ಕೆ ಹೋದರೆ ಎಂಟು ಪಟ್ಟು. ನನ್ನ ದೃಷ್ಟಿಯಲ್ಲಿ ಅಂಕಿಗಿಂತಲೂ ಮುಖ್ಯವಾದದ್ದು ಮುಳ್ಳಿನ ನಡತೆ. ನಾಲ್ಕೈದು ಸುತ್ತಿನಲ್ಲಿ ಏರಿ ಒಂದೆಡೆ ನಿಂತರೆ, ಬಂದ ಕಾವಿಗೂ ಹೋದ ಕಾವಿಗೂ ಸರಿಹೊಂದಿತೆಂದು ಅರ್ಥ. ಸುತ್ತಿನಿಂದ ಸುತ್ತಿಗೆ ಏರುತ್ತಲೇ ಇದ್ದರೆ, 115ರಲ್ಲಿದ್ದರೂ ಅದು ನೆಮ್ಮದಿಯ 115 ಅಲ್ಲ.

ಅತಿ ತಣ್ಣಗಿರುವುದೂ ದೋಷವೇ. ನೀರು ಐದಾರು ನಿಮಿಷದಲ್ಲಿ ಕಾದರೆ ಎಣ್ಣೆಗೆ ಅದರ ಎರಡರಷ್ಟು ಸಮಯವಾದರೂ ಬೇಕು. ನೀರಿನ ಮುಳ್ಳು ನಡುವೆ ಬಂತೆಂದು ಮೊದಲ ಸುತ್ತಿನಲ್ಲೇ ಪೂರ್ಣವೇಗಕ್ಕೆ ಹೋಗುವವರು ಜೇನುತುಪ್ಪದಂತಹ ಎಣ್ಣೆಯಲ್ಲಿ ಎಂಜಿನ್ನನ್ನು ಹೊರಳಾಡಿಸುತ್ತಾರೆ. ಬಿ.ಎಂ.ಡಬ್ಲ್ಯು. ಕಂಪೆನಿಯವರು 1998ರ ತಮ್ಮ ಎಂ5 ಕಾರಿನಲ್ಲಿ ಇದಕ್ಕೊಂದು ಸೊಗಸಾದ ಉಪಾಯ ಮಾಡಿದ್ದರು: ಸುತ್ತುಗಳನ್ನು ಎಣಿಸುವ ಮಾಪಕದ ಅಂಚಿನಲ್ಲಿ ಸಾಲುದೀಪ. ಎಣ್ಣೆ ಕಾಯುತ್ತ ಬಂದಂತೆ ದೀಪಗಳು ಒಂದೊಂದಾಗಿ ಆರಿ, ಚಾಲಕನಿಗೆ ಅಷ್ಟಷ್ಟೇ ಹೆಚ್ಚಿನ ವೇಗಕ್ಕೆ ಅಪ್ಪಣೆ ಕೊಡುತ್ತಿದ್ದುವು. ಇನ್ನು ಪೋರ್ಷೆ 911 ಕಾರಂತೂ 1963ರಲ್ಲಿ ಹೊರಬಂದಾಗಿನಿಂದ 1998ರವರೆಗೆ ನೀರಿನ ಹಂಗಿಲ್ಲದೆ ಗಾಳಿ ಮತ್ತು ಎಣ್ಣೆಗಳಿಂದಲೇ ತಣಿಯುತ್ತಿತ್ತು. ಅದರ ಚಾಲಕನು ಎಣ್ಣೆಯ ಮುಳ್ಳನ್ನು ಬಿಟ್ಟು ಬೇರೆ ಯಾವುದನ್ನು ನೋಡಿಯಾನು?

ಉಪಾಯಗಳಿಗೆ ಬರೋಣ. ಹಣ ಕೇಳದ ಉಪಾಯವನ್ನೇ ಮೊದಲು ಹೇಳಬೇಕು. ಮೊದಲ ಒಂದೆರಡು ಸುತ್ತು ನಿಧಾನ; ನಾಲ್ಕೈದು ಸುತ್ತು ಬಿರುಸು; ಬಳಿಕ ಒಂದು ಸುತ್ತು ಮೇಲಿನ ಗೇರಿನಲ್ಲಿ ಆರಾಮವಾಗಿ. ಬಿರುಸಿನಲ್ಲಿಯೂ ಕೆಂಪುಗೆರೆ ಮುಟ್ಟುವವರೆಗೆ ಕಾಯದೆ ಐನೂರು ಸುತ್ತು ಮುಂಚೆಯೇ ಗೇರು ಬದಲಿಸಿದರೆ ವೇಗಕ್ಕೆ ಹೆಚ್ಚು ನಷ್ಟವಿಲ್ಲ, ಎಣ್ಣೆಗೆ ಲಾಭ ಬಹಳ. ಹೊರಗೆ ಬಂದೊಡನೆ ಎಂಜಿನ್ನು ಆರಿಸಬಾರದು, ಅದರಲ್ಲೂ ಟರ್ಬೋ ಇರುವ ಕಾರಿನಲ್ಲಿ. ತಿರುಗುವುದು ನಿಂತರೆ ಕೆಂಪಗೆ ಕಾದ ಟರ್ಬೋವಿನೊಳಗೆ ಎಣ್ಣೆ ಅಲ್ಲೇ ಕರಕಲಾಗುತ್ತದೆ. ಶಾಖ ಕೈಮೀರಿದಾಗ ಕಾರಿನೊಳಗಿನ ಹೀಟರನ್ನು ಪೂರ್ತಿ ತಿರುಗಿಸುವುದೂ ಒಂದು ಆಪದ್ಧರ್ಮ. ಚೆನ್ನೈಯ ಬಿಸಿಲಿನಲ್ಲಿ ಇದನ್ನು ಪಾಲಿಸುವವನ ಮುಖ ನೋಡುವಂತಿರುತ್ತದೆ. ಆದರೂ ನೀರಿನಿಂದ ಅಷ್ಟು ಕಾವು ಹೊರಬೀಳುವುದು ನಿಜ.

ಎಣ್ಣೆಯ ಮಟ್ಟವನ್ನು ಕಡ್ಡಿಯ ಮೇಲಿನ ಗುರುತಿನವರೆಗೆ ತುಂಬಿರಬೇಕು. ದೀರ್ಘವಾದ ತಿರುವಿನಲ್ಲಿ ಎಣ್ಣೆ ತೊಟ್ಟಿಯ ಒಂದು ಬದಿಗೆ ಹೊರಳಿ, ಪಂಪು ಗಾಳಿಯನ್ನು ಹೀರುತ್ತದೆ. ನನ್ನ ವಿದ್ಯಾರ್ಥಿಯ ಕೆಂಪುದೀಪ ಮಿಣುಕಿದ್ದು ಹೀಗೆ. ತೆಳುವಾದ ಎಣ್ಣೆ, ಅದರ ಮೇಲೆ ಗಾಳಿ! ಹಾಗೆಂದು ಗುರುತು ಮೀರಿ ತುಂಬಿದರೆ ಕ್ರ್ಯಾಂಕು ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಮಾಡುತ್ತದೆ. ಒಂದು ದರ್ಜೆ ಮಂದವಾದ ಎಣ್ಣೆ ಹಾಕುವುದು, 30ರ ಬದಲು 40, ಅನೇಕರ ರೂಢಿ. ಕಾರಿನ ಕೈಪಿಡಿ ಒಪ್ಪಿದರೆ ಹಾಗೆ ಮಾಡಬಹುದು. ಒಪ್ಪದಿದ್ದರೆ ಗೆಳೆಯರ ಮಾತಿಗಿಂತ ಕೈಪಿಡಿಯೇ ಪ್ರಮಾಣ.

ಕಡೆಯ ಉಪಾಯ ಎಣ್ಣೆಗೆ ಪ್ರತ್ಯೇಕವಾದ ಕೂಲರು. ಒಂದು ಬಗೆಯದು ಎಣ್ಣೆಯ ಕಾವನ್ನು ನೀರಿಗೆ ದಾಟಿಸುತ್ತದೆ. ಬೆಳಿಗ್ಗೆ ಬೇಗ ಕಾಯುವ ನೀರು ಎಣ್ಣೆಯನ್ನು ಬೆಚ್ಚಗಾಗಿಸುವುದು, ಮಧ್ಯಾಹ್ನ ಅದೇ ನೀರು ಎಣ್ಣೆಯನ್ನು ತಣಿಸುವುದು, ಎರಡೂ ಇದರಿಂದ ಸಾಧ್ಯ. ಇನ್ನೊಂದು, ಚಿಕ್ಕ ರೇಡಿಯೇಟರಿನಂತೆ ನೇರವಾಗಿ ಗಾಳಿಗೆ ಒಡ್ಡಿರುವುದು. ಇದು ಬಲವಾದದ್ದು, ಆದರೆ ಕೂಡಿಸುವವರು ಎರಡು ತಪ್ಪು ಮಾಡುತ್ತಾರೆ. ಗಾಳಿ ಒಳಬರಲು ದಾರಿ ಮಾಡಿ, ಹೊರಹೋಗಲು ಮಾಡುವುದಿಲ್ಲ. ಹಿಂಬಾಗಿಲಿಲ್ಲದ ಮನೆಯಲ್ಲಿ ಗಾಳಿಯಾಡದಂತೆ ಅದರ ಪಾಡು. ಎರಡನೆಯದು, ಥರ್ಮೋಸ್ಟಾಟಿಲ್ಲದೆ ಕೂಡಿಸುವುದು. ಆಗ ಹೆದ್ದಾರಿಯಲ್ಲಿ ಮನೆಗೆ ಮರಳುವಾಗ ಎಣ್ಣೆ 70 ಡಿಗ್ರಿಗೂ ಬಾರದೆ, ಅದರಲ್ಲಿ ಸೇರಿದ ನೀರಿನ ಅಂಶವೂ ಪೆಟ್ರೋಲಿನ ಅಂಶವೂ ಆವಿಯಾಗದೆ ಉಳಿದು, ಕ್ರಮೇಣ ಕೆಸರು ಕಟ್ಟುತ್ತದೆ. ಜ್ವರಕ್ಕೆ ಔಷಧ ಕೊಡಹೋಗಿ ಶೀತ ತಂದುಕೊಂಡಂತೆ.

ನನ್ನ ವಿದ್ಯಾರ್ಥಿ ಎಂಜಿನ್ನನ್ನು ಮತ್ತೆ ಕಟ್ಟಿಸಿದ ಮೇಲೆ ಮೊದಲು ಕೊಂಡದ್ದು ಕೂಲರನ್ನಲ್ಲ, ಎರಡು ಮಾಪಕಗಳನ್ನು: ಎಣ್ಣೆಯ ಕಾವಿಗೊಂದು, ಒತ್ತಡಕ್ಕೊಂದು. ಸಾವಿರ ಸುತ್ತಿಗೆ 10 ಪೌಂಡು ಒತ್ತಡವಿರಬೇಕೆಂಬ ಹಳೆಯ ಮೆಕಾನಿಕರ ಸೂತ್ರವನ್ನು ಚೀಟಿಯಲ್ಲಿ ಬರೆದು ಹಲಗೆಗೆ ಅಂಟಿಸಿಕೊಂಡಿದ್ದಾನೆ. ಅಕ್ಷರಗಳು ಶಾಲೆಯಲ್ಲಿದ್ದಂತೆಯೇ ಇವೆ. ಒಮ್ಮೆ ಮಾಪಕದಿಂದಲೇ ಓಡಿಸಿ, ಎಂಟನೆಯ ಸುತ್ತಿಗೆ 131 ಕಂಡು, ಹೊರಬಂದ. ಆಮೇಲೆ ಥರ್ಮೋಸ್ಟಾಟುಳ್ಳ ಕೂಲರು ಕೂಡಿಸಿದ. ಪ್ರತಿ ಸಲದ ಓಟದ ನಂತರವೂ, ಸಾಮಾನ್ಯ ಅವಧಿಯನ್ನು ಕಾಯದೆ, ಎಣ್ಣೆ ಬದಲಿಸುತ್ತಾನೆ. ಕಳೆದ ಬಾರಿ ನಾನು ಜೊತೆಗೆ ಹೋಗಿದ್ದಾಗ ಆರನೆಯ ಸುತ್ತಿನಿಂದ ಹನ್ನೊಂದನೆಯದರವರೆಗೆ ಮುಳ್ಳು 118ರಲ್ಲೇ ನಿಂತಿತ್ತಂತೆ. ಸಂಜೆ ಬೆಂಗಳೂರಿನ ಕಡೆಗೆ ಹೊರಟಾಗ, ಪಕ್ಕದಲ್ಲಿ ಕುಳಿತು ನಾನೇ ನೋಡಿದೆ. ಅದು 94ಕ್ಕೆ ಇಳಿದಿತ್ತು.