ಮದ್ದಿಗೂ ತೋಳಿಗೂ ನಡುವೆ

ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬುದು ಹಳೆಯ ಗಾದೆ. ಮಕ್ಕಳ ಲಸಿಕೆಯ ವಿಷಯದಲ್ಲಿ ಈ ಮಾತು ಎಷ್ಟು ದಿಟವೆಂಬುದನ್ನು ಸಿರಿವಂತ ದೇಶವಾದ ಅಮೆರಿಕವೇ ಒಮ್ಮೆ ಅನುಭವಿಸಿ ತಿಳಿಯಬೇಕಾಯಿತು.

ದಡಾರದ ಲಸಿಕೆ ಆ ದೇಶದಲ್ಲಿ 1963ರಿಂದಲೇ ದೊರೆಯುತ್ತಿತ್ತು. ಆದರೂ 1989ರಿಂದ 1991ರವರೆಗೆ ಅಲ್ಲಿ 55,000ಕ್ಕೂ ಹೆಚ್ಚು ಮಂದಿ ದಡಾರಕ್ಕೆ ತುತ್ತಾದರು; 120ಕ್ಕೂ ಹೆಚ್ಚು ಮಂದಿ ಅಸುನೀಗಿದರು. ವಿಚಾರಿಸಿ ನೋಡಲಾಗಿ, ರೋಗ ತಗಲಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಲಸಿಕೆಯೇ ಹಾಕಿರಲಿಲ್ಲ. ಅವರಲ್ಲಿ ಅನೇಕರು ವೈದ್ಯರ ಬಳಿಗೆ ಹೋಗಿ ಬಂದವರೇ ಆಗಿದ್ದರೆಂಬುದು ಇನ್ನೂ ಸೋಜಿಗದ ಸಂಗತಿ!

ಹೀಗೇಕಾಯಿತು? ಖಾಸಗಿ ವೈದ್ಯರು ಲಸಿಕೆಯನ್ನು ಹಣ ತೆತ್ತು ಕೊಂಡು ಇಟ್ಟಿರಬೇಕು. ವಿಮೆಯಿಲ್ಲದ ತಾಯಿಗೆ ಅದರ ಬೆಲೆ ಭಾರ. ಆಕೆಯನ್ನು ಸರ್ಕಾರಿ ಚಿಕಿತ್ಸಾಲಯಕ್ಕೆ ಕಳುಹಿಸುವುದು ರೂಢಿಯಾಗಿತ್ತು. ಅಲ್ಲಿಗೆ ಹೋಗಲು ಮತ್ತೊಂದು ದಿನ, ಮತ್ತೊಂದು ಪ್ರಯಾಣ, ಮತ್ತೊಂದು ದಿನದ ಸಂಬಳದ ಕಡಿತ. ಇಂದು ನಾಳೆ ಎನ್ನುವಷ್ಟರಲ್ಲಿ ರೋಗವೇ ಮನೆಗೆ ಬರುತ್ತಿತ್ತು.

ಶಾಸನಗಳು ಇರಲಿಲ್ಲವೆಂದಲ್ಲ. ಶಾಲೆಗೆ ಸೇರುವ ಮಗು ಸಿಡುಬಿನ ಲಸಿಕೆ ಹಾಕಿಸಿಕೊಂಡಿರಬೇಕೆಂದು ಮ್ಯಾಸಚೂಸೆಟ್ಸ್ ಸಂಸ್ಥಾನವು 1855ರಲ್ಲಿಯೇ ವಿಧಿಸಿತ್ತು. 1980ರ ದಶಕದ ಆರಂಭದ ವೇಳೆಗೆ ಐವತ್ತು ಸಂಸ್ಥಾನಗಳಲ್ಲಿಯೂ ಇಂತಹ ಶಾಸನಗಳಿದ್ದವು. ಆದರೆ ಅವು ಕಾದು ನಿಂತಿದ್ದುದು ಶಾಲೆಯ ಬಾಗಿಲಲ್ಲಿ. ದಡಾರವು ಮಗುವಿಗೆ ಐದು ವರ್ಷ ತುಂಬುವವರೆಗೆ ಕಾಯುವುದಿಲ್ಲ. ಆಜ್ಞೆಯೊಂದೇ ಸಾಲದು, ಹಣವನ್ನೂ ಒದಗಿಸಬೇಕೆಂಬ ಅರಿವು ಆಗ ಬಲವಾಯಿತು.

ಪೋಲಿಯೊ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಲಸಿಕೆಗಾಗಿ ಸಂಸ್ಥಾನಗಳಿಗೆ ನೆರವು ನೀಡುವ ಕಾಯಿದೆಯೊಂದು 1962ರಲ್ಲಿಯೇ ಬಂದಿತ್ತು. 1993ರಲ್ಲಿ ಅಂಗೀಕಾರವಾಗಿ 1994ರಲ್ಲಿ ಜಾರಿಗೆ ಬಂದ ‘ಮಕ್ಕಳಿಗಾಗಿ ಲಸಿಕೆ’ ಯೋಜನೆ ಅದಕ್ಕಿಂತ ಬಹಳ ಮುಂದೆ ಹೋಯಿತು. ಕೇಂದ್ರ ಸರ್ಕಾರವೇ ಲಸಿಕೆಯನ್ನು ಕೊಳ್ಳುತ್ತದೆ. ಸಂಸ್ಥಾನಗಳು ಅದನ್ನು ಖಾಸಗಿ ವೈದ್ಯರಿಗೂ ಉಚಿತವಾಗಿ ಹಂಚುತ್ತವೆ. ಬಡ ಮಕ್ಕಳು, ವಿಮೆಯಿಲ್ಲದವರು, ಆದಿವಾಸಿ ಇಂಡಿಯನ್ನರ ಮಕ್ಕಳು ಹದಿನೆಂಟು ವರ್ಷದವರೆಗೆ ಇದಕ್ಕೆ ಅರ್ಹರು. ವೈದ್ಯರು ಚುಚ್ಚುವ ಕೆಲಸಕ್ಕೆ ಅಲ್ಪ ಶುಲ್ಕ ಕೇಳಬಹುದು. ಅದನ್ನು ತೆರಲಾರದ ತಾಯಿಯ ಮಗುವಿಗೆ ಲಸಿಕೆ ನಿರಾಕರಿಸುವಂತಿಲ್ಲ.

ಉಳಿದ ಮಕ್ಕಳ ಪಾಡೇನು? ಇಲ್ಲಿ ಕೆಲವು ಸಂಸ್ಥಾನಗಳು ತಮ್ಮದೇ ಉಪಾಯ ಹೂಡಿದವು. ವಾಷಿಂಗ್ಟನ್ ಸಂಸ್ಥಾನದ ಬೊಕ್ಕಸ ಬರಿದಾಗಿ, ಎಲ್ಲ ಮಕ್ಕಳಿಗೂ ಲಸಿಕೆ ಕೊಳ್ಳುವುದು ಕಷ್ಟವಾದಾಗ, 2010ರಲ್ಲಿ ಅಲ್ಲಿನ ಶಾಸನಸಭೆಯು ಒಂದು ಲಸಿಕಾ ಸಂಘವನ್ನು ಸ್ಥಾಪಿಸಿತು. ವಿಮಾ ಕಂಪನಿಗಳು ಈ ಸಂಘಕ್ಕೆ ಹಣ ತೆರಬೇಕು. ಆ ಹಣದಿಂದ ಸಂಸ್ಥಾನವು ಸಗಟಾಗಿ, ಸರ್ಕಾರದ ಅಗ್ಗದ ದರದಲ್ಲಿ ಲಸಿಕೆ ಕೊಳ್ಳುತ್ತದೆ. ವೈದ್ಯರ ಶೀತಪೆಟ್ಟಿಗೆಯಲ್ಲಿ ಉಳ್ಳವರ ಮಗುವಿಗೂ ಇಲ್ಲದವರ ಮಗುವಿಗೂ ಲಸಿಕೆ ಸಿದ್ಧವಾಗಿರುತ್ತದೆ.

ಇದೆಲ್ಲದರ ಫಲವೇನು? 1994ರಿಂದ 2023ರವರೆಗೆ ಅಮೆರಿಕದಲ್ಲಿ ಜನಿಸಿದ ಮಕ್ಕಳಲ್ಲಿ, ಅವರ ಜೀವಮಾನದಲ್ಲಿ ಸಂಭವಿಸಬಹುದಾಗಿದ್ದ 11 ಲಕ್ಷಕ್ಕೂ ಹೆಚ್ಚು ಸಾವುಗಳನ್ನು ಲಸಿಕೆ ತಪ್ಪಿಸಿದೆಯೆಂದು ಅಲ್ಲಿನ ರೋಗನಿಯಂತ್ರಣ ಕೇಂದ್ರವು 2024ರಲ್ಲಿ ಅಂದಾಜು ಮಾಡಿತು.

ಆದರೂ ಈ ಕಟ್ಟಡದಲ್ಲಿ ಒಂದು ಸೂಕ್ಷ್ಮವುಂಟು. ಉಚಿತ ಲಸಿಕೆಗಳ ಪಟ್ಟಿಯನ್ನು ಗೊತ್ತುಮಾಡುವ ಅಧಿಕಾರವನ್ನು ಕಾಯಿದೆಯು ತಜ್ಞರ ಸಲಹಾ ಸಮಿತಿಯೊಂದಕ್ಕೆ ಒಪ್ಪಿಸಿದೆ. 2025ರ ಜೂನ್‌ನಲ್ಲಿ ಆ ಸಮಿತಿಯ 17 ಸದಸ್ಯರನ್ನೂ ಆರೋಗ್ಯ ಸಚಿವರು ಒಮ್ಮೆಗೇ ತೆಗೆದುಹಾಕಿದರು. ಪಟ್ಟಿ ಬದಲಾದರೆ ಹಣದ ಹರಿವೂ ಬದಲಾಗಬಹುದೆಂಬ ಕಳವಳ ಹಬ್ಬಿತು. ಅದೇ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯವು ತನ್ನ ಆರೋಗ್ಯ ಇಲಾಖೆಯ ಶಿಫಾರಸನ್ನೇ ವಿಮೆಗೆ ಆಧಾರವಾಗಿಸುವ ಶಾಸನ ಮಾಡಿತು.

ಲಸಿಕೆಯನ್ನು ಕಂಡುಹಿಡಿದವರು ವಿಜ್ಞಾನಿಗಳು. ಅದು ಮಗುವಿನ ತೋಳನ್ನು ಮುಟ್ಟುವಂತೆ ಮಾಡಿದ್ದು, ಬೆಲೆ ಯಾರು ತೆರಬೇಕೆಂದು ಬರೆದಿಟ್ಟ ಕಾಯಿದೆಯ ನಾಲ್ಕು ಸಾಲು. ಆ ಸಾಲುಗಳನ್ನು ಅಳಿಸಿದರೆ, ತಾಯಿ ಮತ್ತೆ ಮಗುವನ್ನೆತ್ತಿಕೊಂಡು ಬರಿಗೈಯಲ್ಲಿ ಹಿಂದಿರುಗಬೇಕಾದೀತು.